ತಾತನ ಮರಣ ದಾಖಲೆ ಎಲ್ಲಿ ಹುಡುಕೋದು? ಅನುಭವ ಇದ್ದವರು ಹೇಳಿ

ಹಾಸನ ಜಿಲ್ಲೆಯಿಂದ, ಕೇಳುತ್ತಿರುವವನು:

ನಮ್ಮ ತಾತ ತೀರಿಕೊಂಡು ಐವತ್ತು ವರ್ಷ ಆಯ್ತು. ಮೂರು ಎಕರೆ ಹನ್ನೆರಡು ಗುಂಟೆಯ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಅಪ್ಪ "ಮಾಡಿಸೋಣ ಬಿಡು" ಅನ್ನುತ್ತಲೇ ಕಾಲ ಕಳೆದರು, ಈಗ ಅವರೂ ಇಲ್ಲ. ಪೌತಿ ಖಾತೆಗೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಹೋದರೆ ತಾತನ ಮರಣ ಪ್ರಮಾಣಪತ್ರ ತನ್ನಿ ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ನಮ್ಮೂರಿನ 1974ರ ರಿಜಿಸ್ಟರ್ ಹುಡುಕಿಸಿದೆ. ಹೆಸರಿಲ್ಲ. ದೊಡ್ಡ ಅತ್ತೆಗೆ ನೆನಪಿರುವುದು ಇಷ್ಟೇ: ಆನಂದ ಸಂವತ್ಸರ, ಮಾರ್ಗಶಿರ ಬಹುಳ ಪಂಚಮಿ. ವರ್ಷಾವರ್ಷ ಅದೇ ದಿನ ತಿಥಿ ಮಾಡುತ್ತೇವೆ. ಅಮೆರಿಕದಲ್ಲಿರುವ ಚಿಕ್ಕ ಅತ್ತೆಯ ಮಗನಿಗೆ ವಂಶವೃಕ್ಷ ಬರೆಯುವ ಹುಚ್ಚು, ಅವನಿಗೂ ಒಂದು ಪ್ರತಿ ಬೇಕಂತೆ. ಒಬ್ಬ ಏಜೆಂಟ್ ಎಂಟು ಸಾವಿರ ಕೊಟ್ಟರೆ ವಾರದಲ್ಲಿ ತಂದುಕೊಡುತ್ತೇನೆ ಅಂದಿದ್ದಾನೆ. ಏನು ಮಾಡಲಿ?

ತುಮಕೂರು ಕಡೆಯಿಂದ:

ಏಜೆಂಟ್‌ಗೆ ದುಡ್ಡು ಕೊಡಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ರಿಜಿಸ್ಟರಿನಲ್ಲಿ ಹೆಸರೇ ಇಲ್ಲದೆ ವಾರದಲ್ಲಿ ಬರುವ ಕಾಗದ ಎಂಥದ್ದು ಅಂತ ನಿಮಗೇ ಗೊತ್ತಾಗುತ್ತದೆ ಅಲ್ವಾ? ಈಗಿನ ಇ-ಜನ್ಮ (ರಾಜ್ಯದ ಆನ್‌ಲೈನ್ ಜನನ ಮರಣ ನೋಂದಣಿ) ಪ್ರಮಾಣಪತ್ರದಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಮೊಬೈಲ್ ಹಿಡಿದರೆ ನಕಲಿ ಅಂತ ಅಲ್ಲೇ ಗೊತ್ತಾಗುತ್ತದೆ.

ನನ್ನ ಕಥೆ ಕೇಳಿ. ನಮ್ಮಜ್ಜಿ ಹೋಗಿದ್ದು 1981ರಲ್ಲಿ. ಊರಿನ ರಿಜಿಸ್ಟರ್ ಹುಡುಕಿಸಲು ಮೂರು ಸಲ ತಾಲ್ಲೂಕು ಕಚೇರಿಗೆ ಅಲೆದೆ. ಒಂದು ಸಲ ರೆಕಾರ್ಡ್ ರೂಮಿನ ಬೀಗದ ಕೈ ಇಟ್ಟುಕೊಂಡವರು ರಜೆ. ಇನ್ನೊಂದು ಸಲ ಕರೆಂಟ್ ಇಲ್ಲ, ಒಳಗೆ ಕತ್ತಲೆ. ಮೂರನೇ ಸಲ ಹುಡುಕಿದರು, ಸಿಗಲಿಲ್ಲ. ಮನೆಗೆ ಬಂದು ಗೊಣಗುತ್ತಿದ್ದಾಗ ನಮ್ಮ ದೊಡ್ಡಮ್ಮ, "ಆಸ್ಪತ್ರೆಯಿಂದ ವ್ಯಾನಿನಲ್ಲಿ ತಂದಿದ್ದಲ್ವಾ ಅವರನ್ನ" ಅಂದರು. ಎರಡು ತಿಂಗಳು ಅಲೆದದ್ದು ಆ ಒಂದು ಮಾತು ಕೇಳದೆ!

ಸಾವು ನೋಂದಣಿ ಆಗುವುದು ಸತ್ತ ಜಾಗದಲ್ಲಿ, ಸತ್ತವರ ಊರಲ್ಲಲ್ಲ. ಮಣ್ಣು ಮಾಡಿದ್ದು ಊರಲ್ಲಾದ್ದರಿಂದ ಎಲ್ಲರ ಬಾಯಲ್ಲೂ ಅಜ್ಜಿ "ಊರಲ್ಲೇ ಹೋದರು" ಅಂತ ಆಗಿತ್ತು. ದಾಖಲೆ ಪೇಟೆಯ ಪುರಸಭೆಯಲ್ಲಿತ್ತು. ಹಾಗಾಗಿ ನೀವು ಮೊದಲು ತಾತ ಕೊನೆಯುಸಿರು ಎಳೆದದ್ದು ಎಲ್ಲಿ ಅಂತ ಕೇಳಿಕೊಳ್ಳಿ. ಮಂಚ ಎಲ್ಲಿತ್ತು, ಯಾವ ಕೋಣೆ, ಪಕ್ಕದಲ್ಲಿ ಯಾರಿದ್ದರು ಅಂತೆಲ್ಲ ಕೇಳಿ. "ಎಲ್ಲಿ ಸತ್ತರು" ಅಂದರೆ ಎಲ್ಲರೂ ಊರಿನ ಹೆಸರೇ ಹೇಳುತ್ತಾರೆ.

ಇನ್ನೊಂದು ವಿಷಯ. ಅಜ್ಜಿಯ ಹೆಸರಿನ ಕೊನೆಯ "ಅಮ್ಮ" ಹೋಗಿ "ಅಕ್ಕ" ಆಗಿತ್ತು. ಎಪ್ಪತ್ತು ದಾಟಿದವರ ವಯಸ್ಸು 60 ಅಂತ ಗುಂಡಗೆ ಬರೆದಿದ್ದರು. ಗುರುತು ಹತ್ತಿದ್ದು "ಕೋಂ" (ಇಂಥವರ ಹೆಂಡತಿ) ಅಂತ ಬರೆದು ಮುಂದೆ ಹಾಕಿದ್ದ ತಾತನ ಹೆಸರಿನಿಂದ. ಹಾಗಾಗಿ ಗುಮಾಸ್ತರಿಗೆ ಸುಮ್ನೆ ಸತ್ತವರ ಹೆಸರು ಮಾತ್ರ ಕೊಡಬೇಡಿ. ತಾತನಿಗಾದರೆ "ಬಿನ್" ಅಂತ ಅವರ ತಂದೆಯ ಹೆಸರೂ ಬರೆದುಕೊಡಿ. ಹೆಸರು ತಪ್ಪಿದ್ದರೆ ಭಯ ಬೇಡ. ಜನನ ಮರಣ ನೋಂದಣಿ ಕಾನೂನಿನ 15ನೇ ಕಲಂನಲ್ಲಿ ತಿದ್ದುಪಡಿಗೆ ದಾರಿ ಇದೆ. ಹಳೆಯ ಬರಹ ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ಸರಿ ಮಾಡಿ ಬರೆದು ಸಹಿ ಹಾಕುತ್ತಾರೆ.

ಶಿವಮೊಗ್ಗ ಕಡೆಯಿಂದ:

ಸಿಗದಿದ್ದರೆ ಕೋರ್ಟೇ ಗತಿ. ನಾವು 2019ರಲ್ಲಿ ವಕೀಲರನ್ನು ಹಿಡಿದು ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಅರ್ಜಿ ಹಾಕಿದೆವು. ಪೇಪರಿನಲ್ಲಿ ಪ್ರಕಟಣೆ, ಸಾಕ್ಷಿ, ವಾಯಿದೆ ಮೇಲೆ ವಾಯಿದೆ. ಏಳು ತಿಂಗಳು ಹಿಡಿಯಿತು.

ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವನು, ದಾವಣಗೆರೆ:

ಮೇಲಿನವರು ಹೇಳಿದ್ದು ಆಗಿನ ಕಾಲಕ್ಕೆ ಸರಿ. ಈಗ ಬದಲಾಗಿದೆ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ಕ್ಕೆ. ಅದಕ್ಕೆ 2023ರಲ್ಲಿ ತಿದ್ದುಪಡಿ ಆಯಿತು, ಆ ವರ್ಷ ಅಕ್ಟೋಬರ್ 1ರಿಂದ ಜಾರಿ. ಸತ್ತು ಒಂದು ವರ್ಷ ದಾಟಿದ್ದರೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ಈಗ ಡಿ.ಸಿ. (ಜಿಲ್ಲಾಧಿಕಾರಿ), ಎ.ಸಿ. (ಉಪವಿಭಾಗಾಧಿಕಾರಿ), ಇಲ್ಲವೇ ಡಿ.ಸಿ. ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಎಷ್ಟೋ ಜನ ಇನ್ನೂ ಹಳೇ ದಾರಿಯಲ್ಲೇ ಹೊರಡುತ್ತಾರೆ.

ಆದರೆ ಆ ಹಂತಕ್ಕೆ ಹಾರಬೇಡಿ. ತಡವಾಗಿ ನೋಂದಾಯಿಸುವುದು ದಾಖಲೆ ಇಲ್ಲದವರಿಗೆ. ದಾಖಲೆ ಇದ್ದೂ ಸಿಗದವರು ಇನ್ನೊಮ್ಮೆ ಬರೆಸಲು ಹೋದರೆ ಒಬ್ಬರೇ ಮನುಷ್ಯ ಎರಡು ದಿನ ಸತ್ತ ಹಾಗಾಗುತ್ತದೆ. ಆಮೇಲೆ ಜಮೀನಿನ ತಕರಾರಿನಲ್ಲಿ ಎದುರು ಪಾರ್ಟಿಯ ವಕೀಲರಿಗೆ ಅದೇ ಹಬ್ಬ.

ಹುಡುಕಿಸುವಾಗ ಬಾಯಿಮಾತಲ್ಲಿ ಹುಡುಕಿಸಬೇಡಿ, ಅರ್ಜಿ ಕೊಡಿ. ಹುಡುಕುವ ಶುಲ್ಕ ವರ್ಷದ ಲೆಕ್ಕದಲ್ಲಿ, ದೊಡ್ಡ ಮೊತ್ತ ಏನಲ್ಲ. ಒಂದೇ ವರ್ಷ ಕೇಳಬೇಡಿ, ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ. ಸಿಗದಿದ್ದರೆ ಲಭ್ಯವಿಲ್ಲ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಮುಂದೆ ಎ.ಸಿ. ಹತ್ತಿರ ಹೋದರೂ ಆ ಕಾಗದ ಕೈಯಲ್ಲಿರಬೇಕು. ಬರೆದುಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಮ್ಯುಟೇಶನ್ ರಿಜಿಸ್ಟರನ್ನೂ (ಜಮೀನು ಒಬ್ಬರಿಂದ ಒಬ್ಬರ ಹೆಸರಿಗೆ ಹೋದದ್ದನ್ನು ಬರೆಯುವ ಪುಸ್ತಕ) ಒಮ್ಮೆ ನೋಡಿಸಿ. ತಾತನ ಬೇರೆ ಯಾವುದಾದರೂ ಸರ್ವೆ ನಂಬರ್ ಪೌತಿಯಾಗಿ ಯಾರ ಹೆಸರಿಗಾದರೂ ಹೋಗಿದ್ದರೆ, ಯಾವಾಗ ಸತ್ತರು ಅಂತ ಅಲ್ಲಿ ಒಂದು ಸಾಲು ಇರಬಹುದು. ಅದು ಪ್ರಮಾಣಪತ್ರದ ಬದಲಿಗೆ ಆಗುವುದಿಲ್ಲ, ಆದರೆ ವರ್ಷ ಹಿಡಿಯಲು ಸಾಕು.

ನಿವೃತ್ತ ಮೇಷ್ಟ್ರು, ಮೈಸೂರು:

ನೀವೆಲ್ಲ ಕಾನೂನು ಹೇಳುತ್ತಿದ್ದೀರಿ, ಆದರೆ ಅವರು ಕೊಟ್ಟ ತಿಥಿಯನ್ನು ಯಾರೂ ನೋಡಲಿಲ್ಲ. ನಮ್ಮನೆ ಅಟ್ಟದಲ್ಲಿ ಹಳೇ ಪಂಚಾಂಗಗಳ ಗಂಟು ಇದೆ. ಹೆಂಡತಿ ಬೈದರೂ ಎಸೆದಿಲ್ಲ. ಇವತ್ತು ಧೂಳು ಕೊಡವಿ ನೋಡಿದೆ.

ಆನಂದ ಸಂವತ್ಸರ 1974ರ ಯುಗಾದಿಗೆ ಶುರುವಾಗಿ 1975ರ ಯುಗಾದಿಗೆ ಮುಗಿಯುತ್ತದೆ. ಹಾಗಾಗಿ ಎಲ್ಲರೂ ಆನಂದ ಅಂದರೆ 1974 ಅಂತ ಹಿಡಿಯುತ್ತಾರೆ. ಆದರೆ ಆ ವರ್ಷ ಅಧಿಕ ಮಾಸ ಬಂದಿತ್ತು. ದೀಪಾವಳಿಯೇ ನವೆಂಬರ್ ಮಧ್ಯಕ್ಕೆ ಹೋಗಿತ್ತು. ಮಾರ್ಗಶಿರದ ಹುಣ್ಣಿಮೆ ಡಿಸೆಂಬರ್ ಕೊನೆಗೆ. ಬಹುಳ ಪಂಚಮಿ ಬರುವುದು 1975ರ ಜನವರಿ ಮೊದಲ ವಾರದಲ್ಲಿ. ನೀವು 1974ರ ರಿಜಿಸ್ಟರ್ ಹುಡುಕಿಸಿದರೆ ಎಲ್ಲಿಂದ ಸಿಗಬೇಕು? 1975ರ ಪುಸ್ತಕದ ಮೊದಲ ಪುಟಗಳನ್ನು ನೋಡಿಸಿ. ಸಾಲುಗಳು ಓಡುವುದು ಬರೆಸಿದ ದಿನದ ಪ್ರಕಾರ, ಸತ್ತ ದಿನದ ಪ್ರಕಾರ ಅಲ್ಲ. ಜನವರಿಯಲ್ಲಿ ಇಲ್ಲದಿದ್ದರೆ ಫೆಬ್ರವರಿವರೆಗೂ ಹೋಗಲಿ.

ಕಲಬುರಗಿಯಿಂದ:

ಮೇಷ್ಟ್ರು ಹೇಳಿದ್ದು ನೋಡಿ ನಮ್ಮ ಪಾಡು ನೆನಪಾಯಿತು. ನಮ್ಮ ಮುತ್ಯಾ ನಿಜಾಮರ ಕಾಲದವರು. ನಮ್ಮ ಕಡೆ ಆಗಿನ ಕಾಗದ ಉರ್ದು, ವರ್ಷ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. 1352 ಅಂತ ಕಂಡು ಮೊದಲು ನಗು ಬಂತು. ಆಮೇಲೆ ಉರ್ದು ಬಲ್ಲ ಹಿರಿಯರೊಬ್ಬರು 590 ಕೂಡಿಸಿರಿ ಅಂದರು. 1942. ನಿಜಾಮರ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತದೆ, ಹಾಗಾಗಿ 1942ರ ಕೊನೆ ಇಲ್ಲವೇ 1943. ಬೆಳಗಾವಿ, ವಿಜಯಪುರ ಕಡೆಯವರಿಗೆ ಮೋಡಿ ಲಿಪಿಯ (ಹಳೇ ಮರಾಠಿ ಕಾಗದಗಳ ಬರಹ) ಕಾಟ. ನಿಮ್ಮದು ಕನ್ನಡದಲ್ಲಿದೆಯಲ್ಲ, ಅದೇ ಪುಣ್ಯ.

ಬಾಗಲಕೋಟೆ ಕಡೆಯಿಂದ:

ಅಮೆರಿಕದವರ ವಂಶವೃಕ್ಷಕ್ಕೆ ಒಂದು ಮಾತು. ನಮ್ಮ ಕಡೆ ಹೆಳವರು ಬರುತ್ತಿದ್ದರು, ಎತ್ತಿನ ಮೇಲೆ ಕೂತು. ಮನೆ ಮುಂದೆ ನಿಂತು ಅಜ್ಜ, ಮುತ್ತಜ್ಜ, ಅವನ ಅಪ್ಪ, ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಈಗಲೂ ಕೆಲವರು ಹೊತ್ತಿಗೆ ಇಟ್ಟುಕೊಂಡು ಬರುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಾರೆ. ಕಚೇರಿಯಲ್ಲಿ ಅದಕ್ಕೆ ಬೆಲೆ ಇಲ್ಲ ಬಿಡಿ. ಆದರೆ ನಮ್ಮ ಮುತ್ತಜ್ಜನಿಗೆ ಇಬ್ಬರು ತಮ್ಮಂದಿರಿದ್ದರು ಅಂತ ನನಗೆ ಗೊತ್ತಾಗಿದ್ದೇ ಅವರಿಂದ. ಹಾಸನದ ಕಡೆ ಬರುತ್ತಾರೋ ಇಲ್ಲವೋ, ಹಿರಿಯರನ್ನು ಕೇಳಿ ನೋಡಿ.

ಮಂಗಳೂರಿನಿಂದ:

ನಮಗೆ ಇಗರ್ಜಿಯ (ಚರ್ಚಿನ) ಪುಸ್ತಕ ಕೈ ಹಿಡಿಯಿತು. ಸತ್ತ ದಿನ, ಮಣ್ಣು ಮಾಡಿದ ದಿನ ಎರಡೂ ಇತ್ತು. ಆ ತಾರೀಕು ಹಿಡಿದು ಹೋದ ಮೇಲೆ ಪಾಲಿಕೆಯಲ್ಲಿ ಹತ್ತು ನಿಮಿಷದ ಕೆಲಸ.

ವಿದೇಶಕ್ಕೆ ಕಳಿಸುವ ಪ್ರತಿಯ ಬಗ್ಗೆ: ಅವರಿಗೆ ಸುಮ್ನೆ ಮನೆಯ ದಾಖಲೆಗೆ ಬೇಕಿದ್ದರೆ ಸ್ಕ್ಯಾನ್ ಸಾಕು. ಅಲ್ಲಿನ ಕಚೇರಿಗೆ ಕೊಡುವುದಿದ್ದರೆ ಅಪೊಸ್ಟಿಲ್ (ಕಾಗದ ಅಸಲಿ ಅಂತ ವಿದೇಶಕ್ಕಾಗಿ ಹಾಕುವ ಮುದ್ರೆ) ಕೇಳಬಹುದು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಅದಕ್ಕೆ ಕೈಬರಹದ ಹಳೇ ನಕಲು ತೆಗೆದುಕೊಂಡು ಹೋಗಬೇಡಿ. ಕಂಪ್ಯೂಟರ್ ಪ್ರತಿ ಮಾಡಿಸಿಕೊಳ್ಳಿ, ಅದರಲ್ಲಿ ಇಂಗ್ಲಿಷೂ ಇರುತ್ತದೆ.

ಕೇಳಿದವನು, ಹದಿನೆಂಟು ದಿನದ ಮೇಲೆ:

ಸಿಕ್ಕಿತು! ಎಲ್ಲರಿಗೂ, ಮೇಷ್ಟ್ರಿಗೆ ಒಂದು ಕೈ ಜಾಸ್ತಿ, ಧನ್ಯವಾದ.

ಮೊದಲು ನಮ್ಮೂರಿನ 1975 ತೆಗೆಸಿದೆ. ಅದರಲ್ಲೂ ಇರಲಿಲ್ಲ. ಆಗ ತುಮಕೂರಿನವರ ಮಾತು ನೆನಪಾಗಿ ದೊಡ್ಡ ಅತ್ತೆಯ ಮನೆಗೆ ಹೋದೆ. "ತಾತ ಹೋದಾಗ ಮಂಚ ಎಲ್ಲಿತ್ತು ಅತ್ತೆ?" ಅಂದೆ. "ಇಲ್ಲೇ ಕಣಪ್ಪಾ, ಈ ಹಜಾರದಲ್ಲೇ. ಧನುರ್ಮಾಸ, ಹುಗ್ಗಿ ಒಲೆ ಮೇಲಿತ್ತು. ಇಳಿಸೋಕೂ ಆಗಲಿಲ್ಲ, ಸೀದುಹೋಯ್ತು. ಮಧ್ಯಾಹ್ನ ಗಾಡಿ ಕಟ್ಟಿ ನಿಮ್ಮೂರಿಗೆ ಕರ್ಕೊಂಡು ಹೋದ್ರು" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಿದ್ದು ತಿಥಿ, ಜಾಗ ಯಾರು ಕೇಳಿದ್ರು?"

ಅತ್ತೆಯ ಊರು ಪಕ್ಕದ ತಾಲ್ಲೂಕು. ಅಲ್ಲಿನ ಕಚೇರಿಯಲ್ಲಿ ಆ ಊರಿನ ಹೆಸರು, 1973ರಿಂದ 1976 ಅಂತ ಬರೆದು ಅರ್ಜಿ ಕೊಟ್ಟೆ. ಗುಮಾಸ್ತರು ವಯಸ್ಸಾದವರು, ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದರು. ಅಂಚು ಗೆದ್ದಲು ತಿಂದಿತ್ತು. ಎರಡನೇ ಪುಟ, ಮೇಲಿಂದ ನಾಲ್ಕನೇ ಸಾಲು. ಸಾವಿನ ಕಾರಣ "ಜ್ವರ". ನಮ್ಮ ಮನೆಯಲ್ಲಿ ಹಾವು ಕಚ್ಚಿ ಹೋದರು ಅಂತ ಕಥೆ! "ಕಾರಣದ ಫೋಟೋ ತೆಗೀಬೇಡಿ, ಪ್ರತಿಯಲ್ಲೂ ಅದು ಬರಲ್ಲ, ಕೊಡೋ ಹಾಗಿಲ್ಲ" ಅಂದರು ಗುಮಾಸ್ತರು. ಕಾಯ್ದೆಯ 17ನೇ ಕಲಂ ಹಾಗೇ ಹೇಳುತ್ತದಂತೆ.

ಆಮೇಲೆ ಕೊನೆಯ ಕಾಲಂ ಮೇಲೆ ಬೆರಳಿಟ್ಟು, "ಮಾಹಿತಿ ಕೊಟ್ಟವರು ಯಾರು, ಗೊತ್ತಾ?" ಅಂತ ಕೇಳಿದರು. ನೀಲಿ ಶಾಯಿ, ಕನ್ನಡದಲ್ಲಿ ಸಹಿ. ನನ್ನ ಶಾಲೆಯ ಮಾರ್ಕ್ಸ್ ಕಾರ್ಡುಗಳ ಮೇಲೆಲ್ಲ ಅದೇ ಸಹಿ ಇದೆ. ಬರೆಸಿದ್ದು ಅಪ್ಪನೇ. ಆಗ ಅವರಿಗೆ ಇಪ್ಪತ್ತೆರಡು. ಎಲ್ಲಿದೆ ಅಂತ ಗೊತ್ತಿದ್ದೂ "ಮಾಡಿಸೋಣ ಬಿಡು" ಅಂದುಕೊಂಡೇ ಇದ್ದರು ಮಹಾನುಭಾವರು.

ಐದು ಪ್ರತಿಗೆ ಅರ್ಜಿ ಹಾಕಿದ್ದೇನೆ. ಪಹಣಿಯಲ್ಲಿ ತಾತನ ಹೆಸರಿನ ಕೊನೆಗೆ "ಅಯ್ಯ" ಇದೆ, ರಿಜಿಸ್ಟರಿನಲ್ಲಿ ಇಲ್ಲ. ತಿದ್ದುಪಡಿಯ ಅರ್ಜಿ ಸೋಮವಾರ ಕೊಡುತ್ತೇನೆ.