ಬೇಟೆಗಾರನ ಕೈ ನಡುಕಕ್ಕೆ ಒಂದು ಪದ ಬೇಕು, ನಾಳೆ ಸಂಜೆಯೊಳಗೆ

ಗೆಳೆಯರೇ,

ಅಲಾಸ್ಕದ ಕೋಡಿಯಾಕ್ ದ್ವೀಪದಲ್ಲಿ ಕರಡಿ ಬೇಟೆಗೆ ಜನರನ್ನು ಕರೆದೊಯ್ಯುವ ಗೈಡ್‌ಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗಬೇಕು. ಹೊರ ರಾಜ್ಯದವರು ಅಲ್ಲಿ ಕಂದು ಕರಡಿ ಹೊಡೆಯಬೇಕಾದರೆ ಲೈಸೆನ್ಸ್ ಇರುವ ಗೈಡ್ ಇಲ್ಲವೇ ಅಲ್ಲೇ ನೆಲೆಸಿದ ಹತ್ತಿರದ ನೆಂಟ ಜೊತೆಗಿರಲೇಬೇಕು, ಅದು ಕಾನೂನು. ದುಡ್ಡು ಕೊಟ್ಟು ಬಂದವರು ತಮ್ಮ ಊರಲ್ಲಿ ಗುರಿ ತಪ್ಪದವರೇ. ಕರಡಿ ಕಂಡ ಕೂಡಲೇ ಮಾತ್ರ ಕೈ ಅದುರುತ್ತದೆ. ಕೆಲವರು ಬಂದೂಕಿನ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ತೆಗೆಯುವುದನ್ನೇ ಮರೆಯುತ್ತಾರೆ. ಇನ್ನು ಕೆಲವರು ಟ್ರಿಗರ್ ಒತ್ತದೆ ತೋಟಾ ಒಳಗೆ ಹಾಕಿ ಹೊರಗೆ ತೆಗೆಯುವ ಬೋಲ್ಟನ್ನು ಬರೀ ಎಳೆದೆಳೆದು ತೋಟಾಗಳನ್ನೆಲ್ಲ ನೆಲಕ್ಕೆ ಉದುರಿಸಿ, ಗುಂಡು ಹಾರಿಸಿದೆ ಎಂದೇ ನಂಬಿರುತ್ತಾರೆ!

ಇಂಗ್ಲಿಷಿನಲ್ಲಿ ಇದಕ್ಕೆ 'ಬಕ್ ಫೀವರ್' ಅಂತಾರೆ. 'ಜಿಂಕೆ ಜ್ವರ' ಅಂತ ಬರೆದರೆ ನಮ್ಮವರು ಮಂಗನ ಕಾಯಿಲೆಯ ತಮ್ಮ ಅಂದುಕೊಳ್ಳುತ್ತಾರೆ. ಸದ್ಯಕ್ಕೆ 'ಬೇಟೆ ಗಾಬರಿ' ಎಂದು ಹಾಕಿದ್ದೇನೆ. ಹೀಗೆ ದುಡ್ಡು ಕೊಟ್ಟು ಬರುವ 'ಕ್ಲೈಂಟ್'ಗೂ ಒಂದು ಪದ ಕೊಡಿ.

ಧಾರವಾಡದಿಂದ:

ಗಾಬರಿ ಬೇಡ. ಅದು ಹಿಂದಿ, ಮರಾಠಿ ಕಡೆಯಿಂದ ಬಂದದ್ದು. ಅಳುಕು, ದಿಗಿಲು, ಬೆದರು ಇರುವಾಗ ಎರವಲು ಯಾಕೆ? 'ಬೇಂಟೆಯಳುಕು' ಎನ್ನಿ. ಹಳಗನ್ನಡದ ರೂಪ ಬೇಂಟೆ. ತಮಿಳಿನ ವೇಟ್ಟೈ, ತೆಲುಗಿನ ವೇಟ, ನಮ್ಮ ಬೇಡ ಎಲ್ಲ ಒಂದೇ ಬೇರಿನವು. ಹಳಗನ್ನಡದಲ್ಲಿ 'ಬೇಟ' ಎಂದರೆ ಒಲವು. ಇದೂ ಅದೇ ಬೇರು ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಎರಡರಲ್ಲೂ ಕೈ ನಡುಗುತ್ತದೆ, ನೋಡಿ. ಕ್ಲೈಂಟ್ ಎಂದರೆ ಕಕ್ಷಿದಾರ.

ಮೈಸೂರಿನಿಂದ:

ಕಕ್ಷಿದಾರನಾ? ಅವನೇನು ಕರಡಿ ಮೇಲೆ ಕೇಸು ಹಾಕಿದ್ದಾನಾ? ಅದಿರಲಿ ಸಾರ್, ಕಕ್ಷಿದಾರನ ಬಾಲದಲ್ಲಿರುವ 'ದಾರ' ಪಾರಸಿಯದು. ಗಾಬರಿ ಬೇಡ, ದಾರ ಮಾತ್ರ ಬೇಕು, ಅಲ್ವಾ? ಬೇಟ, ಬೇಟೆ ಒಂದೇ ಬೇರು ಅನ್ನುವುದಕ್ಕೆ ಇಪ್ಪತ್ತು ವರ್ಷದಲ್ಲಿ ಒಂದು ಆಧಾರವನ್ನಾದರೂ ಕೊಟ್ಟಿದ್ದೀರಾ?

ಪದ ಕೇಳಿದವರಿಗೆ: ಗಿರಾಕಿ ಅಂತಲೂ ಬರೆಯಬೇಡಿ. 'ಅವನೊಂದು ಗಿರಾಕಿ' ಅನ್ನುವ ಮಾತು ನೆನಪಿರಲಿ.

ಮಡಿಕೇರಿಯಿಂದ:

ನೀವೆಲ್ಲ ಇದನ್ನು ಹೆದರಿಕೆ ಅಂದುಕೊಂಡಿದ್ದೀರಿ. ಹೆದರಿಕೆ ಅಲ್ಲ. ಇಂಗ್ಲಿಷಿನಲ್ಲೇ ಅದು ಜಿಂಕೆಯ ಹೆಸರಲ್ಲಿದೆ, ಜಿಂಕೆಗೆ ಯಾರು ಹೆದರುತ್ತಾರೆ? ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ತೆಂಗೆ ಬೊಡಿ ನಡೆಸುತ್ತೇವೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ. ಊರೆಲ್ಲ ನೋಡುತ್ತಿರುವಾಗ ನನ್ನ ಕೈ ಎಷ್ಟು ನಡುಗಿತ್ತು ಅಂದರೆ ಗುಂಡು ಮರಕ್ಕೂ ತಾಗಲಿಲ್ಲ. ತೆಂಗಿನಕಾಯಿಗೆ ಹೆದರಿದೆ ಅನ್ನುತ್ತೀರಾ? ಅಳುಕು, ದಿಗಿಲು, ಗಾಬರಿ ಮೂರೂ ತಪ್ಪು. ನಡುಕ ಅನ್ನಿ, ಸಾಕು. ಮತ್ತೆ ದಯವಿಟ್ಟು ಬಂದೂಕು ಅಲ್ಲ, ಕೋವಿ.

ಧಾರವಾಡದಿಂದ:

ಕೋವಿ ಸರಿ, ಒಪ್ಪಿದೆ. ಆದರೆ ಗೈಡ್, ಸೇಫ್ಟಿ, ಬೋಲ್ಟ್, ಲೈಸೆನ್ಸ್ ಎಲ್ಲ ಹಾಗೇ ಬಿಟ್ಟು ಒಂದು ನಡುಕವನ್ನು ಕನ್ನಡ ಮಾಡಿದರೆ ಏನು ಬಂತು? ಗೈಡ್‌ಗೆ 'ದಾರಿತೋರುಗ' ಇಲ್ಲವಾ?

ಶಿರಸಿಯಿಂದ:

ದಾರಿತೋರುಗ ಬಸ್‌ಸ್ಟ್ಯಾಂಡ್ ಬೋರ್ಡಿಗೆ ಚೆನ್ನ. ಮಾರ್ಗದರ್ಶಿ ಅಂದರೆ ಎಸ್ಸೆಸ್ಸೆಲ್ಸಿ ಪುಸ್ತಕ. ಗೈಡ್ ಇರಲಿ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ನಮ್ಮಲ್ಲಿ ಬೇಟೆ ನಿಂತಿತು, ಒಳ್ಳೆಯದೇ ಆಯಿತು. ಆದರೆ ಜೊತೆಗೆ 'ಸೋವು', ಅಂದರೆ ಪ್ರಾಣಿಯನ್ನು ಪೊದೆಯಿಂದ ಎಬ್ಬಿಸಿ ಬೇಟೆಗಾರನ ಕಡೆಗೆ ಅಟ್ಟುವುದು, ಅನ್ನುವ ಮಾತೂ ಹೋಯಿತು. ನನ್ನ ಮಗನಿಗೆ ಅದರ ಅರ್ಥ ಗೊತ್ತಿಲ್ಲ. ಇದ್ದ ಪದ ಉಳಿಸಿಕೊಳ್ಳಲಾರದವರು ಸುಮ್ನೆ ಹೊಸದನ್ನು ಹೊಸೆಯುತ್ತಾ ಕೂತಿದ್ದೇವೆ.

ಪದ ಕೇಳಿದವರಿಂದ:

ಎಲ್ಲರಿಗೂ ಥ್ಯಾಂಕ್ಸ್. 'ಬೇಟೆನಡುಕ' ಹಾಕಿದೆ. ವಾಕ್ಯ ಹೀಗಾಯಿತು: 'ಬಂದವರಿಗೆ ಬೇಟೆನಡುಕ ಹತ್ತಿತು ಅಂತ ಗೊತ್ತಾದ ಕೂಡಲೇ ಗೈಡ್ ಅವರನ್ನು ಬೋರಲು ಮಲಗಿಸಿ, ಕೋವಿಯನ್ನು ಬೆನ್ನುಚೀಲದ ಮೇಲೆ ಊರಿಸಿ, ಮೊದಲು ಉಸಿರು ಬಿಡಿ ಅಂತ ಪಿಸುಗುಡುತ್ತಾನೆ. ತನ್ನ ಕೋವಿಯನ್ನೂ ಸಜ್ಜಾಗಿ ಇಟ್ಟುಕೊಂಡಿರುತ್ತಾನೆ.' ಕ್ಲೈಂಟ್ ಅನ್ನುವ ಕಡೆಯೆಲ್ಲ 'ಬಂದವರು' ಅಂದೆ. ಓದಲು ತೊಡಕಾಗಲಿಲ್ಲ.

ಧಾರವಾಡದಿಂದ:

ಪುಟ ಹೋಯಿತಾ? ಹೋಗಿಲ್ಲದಿದ್ದರೆ ಬೇಟೆ ಅಲ್ಲ, ಬೇಂಟೆ.