ಹಳೆ ಹೋಂಡಾ ಸಿಬಿ550: ಆಯಿಲ್ ಫಿಲ್ಟರ್‌ನ ಸ್ಪ್ರಿಂಗ್, ವಾಷರ್ ಎರಡೂ ಇಲ್ಲ. ಹೀಗೇ ಓಡಿಸಬಹುದಾ?

ಪ್ರಶ್ನೆ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ಈಗ ಕೋಥ್ರೂಡ್‌ನಲ್ಲಿದ್ದೇನೆ. ಹೋದ ತಿಂಗಳು 1975ರ ಹೋಂಡಾ ಸಿಬಿ550 ತಗೊಂಡೆ. ನಾಲ್ಕು ಸಿಲಿಂಡರ್ ಗಾಡಿ ಇಟ್ಟುಕೊಳ್ಳಬೇಕು ಅನ್ನೋದು ಕಾಲೇಜಿನ ದಿನಗಳ ಆಸೆ.

ಭಾನುವಾರ ಮೊದಲ ಸಲ ಆಯಿಲ್ ಬದಲಿಸಲು ಕೂತೆ. ಎಂಜಿನ್ ಮುಂದೆ ಪೈಪುಗಳ ನಡುವೆ ಇರುವ ಫಿಲ್ಟರ್ ಕವರ್ ಬಿಚ್ಚಿದೆ. ಉದ್ದನೆಯ ಬೋಲ್ಟ್ ಬಂತು, ಫಿಲ್ಟರ್ ಬಂತು, ಅಷ್ಟೇ. ಪಾರ್ಟ್ಸ್ ಪುಸ್ತಕದ ಚಿತ್ರದಲ್ಲಿ ಬೋಲ್ಟ್ ಮೇಲೆ ಒಂದು ಸ್ಪ್ರಿಂಗ್, ಅದರ ಮುಂದೆ ಚಪ್ಪಟೆ ವಾಷರ್ ಕಾಣುತ್ತೆ. ನನ್ನದರಲ್ಲಿ ಎರಡೂ ಇಲ್ಲ. ಹೊಸ ಫಿಲ್ಟರ್ ಇಟ್ಟು ಕವರ್ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು.

ಇಲ್ಲಿನ ಮೆಕ್ಯಾನಿಕ್ ಒಬ್ಬರು "ಇಷ್ಟು ದಿನ ಓಡಿದೆ ಅಲ್ವಾ, ಹಾಗೇ ಮುಚ್ಚಿ" ಅಂದರು. ನಿಜ, ಸ್ಟಾರ್ಟ್ ಆದ ಕೂಡಲೇ ಆಯಿಲ್ ಲೈಟ್ ಆರುತ್ತಿತ್ತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಬೇರೆ ಯಾವುದಾದರೂ ಸ್ಪ್ರಿಂಗ್ ಕತ್ತರಿಸಿ ಹಾಕಲಾ?

ಉತ್ತರ (ಮುಂಬೈ)

ನಿಮ್ಮ ಮನಸ್ಸು ಹೇಳಿದ್ದೇ ಸರಿ. ದಯವಿಟ್ಟು ಹಾಗೇ ಮುಚ್ಚಬೇಡಿ.

ಮೊದಲು ಒಂದು ಕೆಲಸ. ತೆಗೆದ ಹಳೆ ಫಿಲ್ಟರ್ ಎಸೆದಿಲ್ಲ ತಾನೇ? ಅದರ ಎರಡೂ ತುದಿ ಬೆರಳಿಂದ ಒರೆಸಿ ನೋಡಿ. ವಾಷರ್ ಅಲ್ಲಿ ಅಂಟಿಕೊಂಡಿರೋದು ಬಹಳ ಸಾಮಾನ್ಯ. ಕಪ್ಪು ಆಯಿಲ್ ಅಂಟಿನ ಹಾಗೆ ಹಿಡಿದಿರುತ್ತೆ, ಫಿಲ್ಟರ್‌ನದೇ ಭಾಗ ಅನ್ನಿಸುತ್ತೆ. ಎಷ್ಟೋ ಗಾಡಿಗಳಲ್ಲಿ ವಾಷರ್ ಕಸದ ಬುಟ್ಟಿಗೆ ಹೋಗೋದು ಹೀಗೇ. ಕವರ್ ತಳವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ನೋಡಿ, ಸ್ಪ್ರಿಂಗ್ ಅಲ್ಲಿ ಕೆಸರಲ್ಲಿ ಹೂತಿರಬಹುದು.

ಈಗ ಲೈಟ್ ವಿಷಯ. ಆ ಲೈಟ್ ಹೇಳೋದು ಪ್ರೆಶರ್ ಇದೆಯಾ ಅಂತ ಮಾತ್ರ. ಆಯಿಲ್ ಸೋಸಿ ಬಂತಾ, ಸೋಸದೆ ಬಂತಾ ಅನ್ನೋದು ಅದಕ್ಕೆ ತಿಳಿಯಲ್ಲ. ಈ ಗಾಡಿಯಲ್ಲಿ ಆಯಿಲ್ ಫಿಲ್ಟರ್‌ನ ಹೊರಗಿನಿಂದ ಕಾಗದದ ಮೂಲಕ ನಡುವಿನ ತೂತಿಗೆ ಬರಬೇಕು, ಅಲ್ಲಿಂದ ಕ್ರ್ಯಾಂಕ್‌ಗೆ, ಅಂದರೆ ಎಂಜಿನ್‌ನ ತಿರುಗುವ ಮುಖ್ಯ ದಂಡಕ್ಕೆ, ಅದು ಕೂತಿರುವ ಬೇರಿಂಗಿಗೆ ಹೋಗಬೇಕು. ಸ್ಪ್ರಿಂಗ್ ಫಿಲ್ಟರನ್ನು ಎಂಜಿನ್ ಕಡೆಗೆ ಒತ್ತಿ ಹಿಡಿಯುತ್ತೆ. ಅದು ಇಲ್ಲದಿದ್ದರೆ ಫಿಲ್ಟರ್ ತೇಲಾಡುತ್ತೆ, ತುದಿಯಲ್ಲಿ ಸಂದು ಬೀಳುತ್ತೆ. ಕಾಗದದೊಳಗೆ ನುಗ್ಗೋದಕ್ಕಿಂತ ಸಂದಿನಲ್ಲಿ ಹೋಗೋದು ಆಯಿಲ್‌ಗೆ ಸುಲಭ. ಪ್ರೆಶರ್ ಸರಿ, ಲೈಟ್ ಆರಿದೆ, ಆದರೆ ಕಸ ನೇರ ಬೇರಿಂಗಿಗೆ.

ವಾಷರ್ ಇಲ್ಲದೆ ಸ್ಪ್ರಿಂಗ್ ಒಂದನ್ನೇ ಹಾಕಿದರೂ ಆಗಲ್ಲ. ಸ್ಪ್ರಿಂಗ್ ತುದಿ ಫಿಲ್ಟರ್‌ನ ರಬ್ಬರಿಗೆ ಕೊರೆದುಕೊಂಡು ಹೋಗಿ, ಬೋಲ್ಟ್ ಸುತ್ತ ಇನ್ನೊಂದು ದಾರಿ ಮಾಡುತ್ತೆ.

ನಿಮ್ಮ ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡಿ. ದಿನಾ ಸ್ಪ್ಲೆಂಡರ್ ಬಿಚ್ಚುವವರ ಕೈಗೆ ಈ ಸಾಮಾನು ಬರೋದೇ ಇಲ್ಲ. ಅದರಲ್ಲಿ ಕಾಗದದ ಫಿಲ್ಟರೇ ಇಲ್ಲ. ತಿರುಗುವ ರೋಟರ್ ಕಸವನ್ನು ಅಂಚಿಗೆ ಎಸೆದು ಹಿಡಿಯುತ್ತೆ, ಜೊತೆಗೊಂದು ಜಾಲರಿ. ಕ್ರ್ಯಾಂಕ್ ಕೂತಿರೋದೂ ಬಾಲ್ ಬೇರಿಂಗ್ ಮೇಲೆ. ಸಿಬಿ550ಯಲ್ಲಿ ಹಾಗಲ್ಲ, ಅಲ್ಲಿರೋದು ಶೆಲ್ ಬೇರಿಂಗ್. ಮೆತ್ತನೆಯ ಲೋಹದ ತೆಳು ಪಟ್ಟಿ, ನಡುವೆ ಆಯಿಲ್ ಪದರ. ಸಣ್ಣ ಚೂರು ಹೊಕ್ಕರೂ ಗೀರು ಬೀಳುತ್ತೆ.

ಸಿಕ್ಕ ಸ್ಪ್ರಿಂಗ್ ಕತ್ತರಿಸಿ ಹಾಕಬೇಡಿ. ಗಟ್ಟಿಯಾದರೆ ಫಿಲ್ಟರ್ ತುದಿ ಜಜ್ಜಿಹೋಗುತ್ತೆ, ಸಡಿಲವಾದರೆ ಹಾಕಿಯೂ ಉಪಯೋಗವಿಲ್ಲ. ಇನ್ನೊಂದು ಮಾತು, ಬೋಲ್ಟ್ ಒಳಗೂ ಒಂದು ಸಣ್ಣ ಸ್ಪ್ರಿಂಗ್ ಇದೆ. ಅದು ಬೈಪಾಸ್ ವಾಲ್ವಿನದು, ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್ ಒಣಗದಂತೆ ಕಾಯೋದು. ಅದನ್ನು ತೆಗೆದು ಇಲ್ಲಿಗೆ ಹಾಕೋ ಯೋಚನೆ ಬೇಡ. ಬೋಲ್ಟಿನ ತೂತುಗಳನ್ನು ಚೆನ್ನಾಗಿ ತೊಳೆಯಿರಿ ಸಾಕು.

ಪ್ರಶ್ನೆ ಕೇಳಿದವರು

ಸರ್, ವಾಷರ್ ಸಿಕ್ತು! ಹಳೆ ಫಿಲ್ಟರನ್ನು ಪೇಪರಲ್ಲಿ ಸುತ್ತಿ ಗ್ಯಾಲರಿಯಲ್ಲಿ ಇಟ್ಟಿದ್ದೆ. ಉಗುರಿಂದ ಕೆರೆದಾಗ ಒಂದು ಅಂಚು ಮಿನುಗಿತು. ಸ್ಕ್ರೂಡ್ರೈವರ್ ತುದಿ ತೂರಿಸಿದ ಮೇಲೆ ಟಪ್ ಅಂತ ಬಿತ್ತು. ಅದರ ಒಂದು ಮುಖದಲ್ಲಿ ಸ್ಪ್ರಿಂಗ್ ಒತ್ತಿದ ಉಂಗುರದ ಗುರುತು ಇದೆ. ಅಂದರೆ ಹಿಂದೆ ಯಾವಾಗಲೋ ಸ್ಪ್ರಿಂಗ್ ಇತ್ತು.

ಸ್ಪ್ರಿಂಗ್ ಮಾತ್ರ ಎಲ್ಲೂ ಇಲ್ಲ. ನಾನಾ ಪೇಠ್‌ನಲ್ಲಿ ಅಂಗಡಿ ಅಂಗಡಿ ಕೇಳಿದೆ. ಬುಲೆಟ್, ಆರ್‌ಎಕ್ಸ್ 100 ಸಾಮಾನು ಬೇಕಾದಷ್ಟು ಇದೆ, ಇದಿಲ್ಲ. ಬುಧವಾರ ಜುನಾ ಬಾಜಾರ್‌ನಲ್ಲೂ ಬರಿಗೈ. ಕೊನೆಗೆ ಪುಸ್ತಕದಲ್ಲಿದ್ದ ನಂಬರ್ ಹಾಕಿ ಹೊರದೇಶದಿಂದ ತರಿಸುತ್ತಿದ್ದೇನೆ. ಅಲ್ಲೀವರೆಗೆ ಗಾಡಿ ನಿಂತೇ ಇರುತ್ತೆ. ಜೋಡಿಸುವಾಗ ಏನು ನೋಡಿಕೊಳ್ಳಲಿ?

ಉತ್ತರ (ಮುಂಬೈ)

ಬಹಳ ಖುಷಿಯಾಯಿತು. ಕಾಯೋದೇ ಒಳ್ಳೆಯದು. ಆ ಸಮಯದಲ್ಲಿ ಹಳೆ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಲ್ಲಿ ನೋಡಿ. ಹೊಳೆಯುವ ಚೂರು ಜಾಸ್ತಿ ಇದ್ದರೆ ಫೋಟೋ ಹಾಕಿ, ಮುಂದಿನದು ಮಾತಾಡೋಣ.

ಜೋಡಿಸೋ ಕ್ರಮ: ಬೋಲ್ಟನ್ನು ಕವರ್‌ಗೆ ತೂರಿಸಿ, ಮೊದಲು ಸ್ಪ್ರಿಂಗ್, ಆಮೇಲೆ ವಾಷರ್, ಆಮೇಲೆ ಫಿಲ್ಟರ್. ಸರಿಯಾಗಿ ಕೂತರೆ ಫಿಲ್ಟರನ್ನು ಬೆರಳಿಂದ ಒತ್ತಿದಾಗ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತೆ.

ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡು, ಕವರ್ ಅಂಚಿಗೆ ದೊಡ್ಡದು, ಬೋಲ್ಟ್ ತಲೆ ಹತ್ತಿರ ಸಣ್ಣದು. ಎರಡನ್ನೂ ಹೊಸದೇ ಹಾಕಿ. ಹಳೆ ದೊಡ್ಡ ಓ-ರಿಂಗ್ ಗಟ್ಟಿಯಾಗಿ ಗಾಡಿಯಲ್ಲೇ ಕೂತಿರುತ್ತೆ. ಅದರ ಮೇಲೆ ಹೊಸದನ್ನು ಹಾಕಿದರೆ ಆಯಿಲ್ ಸುರಿಯೋದು ಗ್ಯಾರಂಟಿ.

ಬೋಲ್ಟ್ ತಲೆ 12 ಮಿ.ಮೀ. ಮಾತ್ರ, ಬೇಗ ಉರುಟಾಗುತ್ತೆ. ಆರು ಮೂಲೆಯ ಸಾಕೆಟ್ ಬಳಸಿ. ಎಂಜಿನ್ ಕಡೆ ಬೋಲ್ಟ್ ಕೂರುವ ಥ್ರೆಡ್ ಅಲ್ಯೂಮಿನಿಯಂನದು, ಶಕ್ತಿ ಹಾಕಿ ಬಿಗಿಯಬೇಡಿ. ಆಯಿಲ್ ತಡೆಯೋದು ಓ-ರಿಂಗ್, ತೋಳಿನ ಬಲ ಅಲ್ಲ.

ಆಯಿಲ್ ತುಂಬಿದ ಮೇಲೆ ನಾಲ್ಕೂ ಪ್ಲಗ್ ತೆಗೆದು, ಕೀ ಆನ್ ಮಾಡಿ, ಲೈಟ್ ಆರುವವರೆಗೆ ನಿಧಾನ ಕಿಕ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಎರಡು ನಿಮಿಷ ಬಿಟ್ಟು ಕವರ್ ಕೆಳಗೆ ಬಿಳಿ ಕಾಗದ ಹಿಡಿದು ನೋಡಿ, ಹನಿ ಇರಬಾರದು.