ಸಹಾಯ ಬೇಕು: ಏರುವಾಗ ಹಿಂದಿನ ಸಿಲಿಂಡರ್‌ಗಳು ಬಿಸಿಯಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ಕಿಟ್ ತರಿಸಿ ನಾನೇ ಕಟ್ಟಿದ ಎರಡು ಸೀಟಿನ ಮೋಟಾರ್‌ಗ್ಲೈಡರ್ ಇದು, ಅಂದರೆ ಎಂಜಿನ್ ನಿಲ್ಲಿಸಿಯೂ ತೇಲಬಲ್ಲ ಪುಟ್ಟ ವಿಮಾನ. ಅಲ್ಯೂಮಿನಿಯಂ ಮೈ, ವಿ ಆಕಾರದ ಬಾಲ. ಎಂಜಿನ್ ಹಳೇ ಬೀಟಲ್ ಕಾರಿನ ಎಂಜಿನ್ನಿನ ವಂಶದ್ದು. ಗಾಳಿಯಿಂದಲೇ ತಣ್ಣಗಾಗುವ ನಾಲ್ಕು ಸಿಲಿಂಡರ್, ನಡುವೆ ಗೇರ್ ಇಲ್ಲ, ನೇರ ಪ್ರೊಪೆಲ್ಲರ್.

ತೊಂದರೆ ಏರುವಾಗ ಮಾತ್ರ. ಹಿಂದಿನ ಎರಡು ಸಿಲಿಂಡರ್‌ಗಳ ಹೆಡ್ ಟೆಂಪರೇಚರ್ ಏರುತ್ತಲೇ ಹೋಗುತ್ತದೆ, ಮುಂದಿನವು ಆರಾಮಾಗಿವೆ. ಮೂತಿ ತಗ್ಗಿಸಿ ವೇಗ ಹೆಚ್ಚಿಸಿದರೆ ಇಳಿಯುತ್ತದೆ. ಮೋಟಾರ್‌ಗ್ಲೈಡರ್ ಏರುವುದೇ ಕಡಿಮೆ ವೇಗದಲ್ಲಿ. ಪವರ್ ಪೂರ್ತಿ, ಗಾಳಿ ಕಮ್ಮಿ. ಆದರೂ ಹಿಂದೆ ಮುಂದೆ ಇಷ್ಟು ವ್ಯತ್ಯಾಸ ಇರಬಾರದು ಅಲ್ವಾ?

ಗಾಳಿ ತಿರುಗಿಸುವ ತಗಡುಗಳ ಸಂದುಗಳನ್ನು ಬಿಸಿ ತಡೆಯುವ ಸಿಲಿಕೋನ್ ಹಚ್ಚಿ ಮುಚ್ಚಿದ್ದೇನೆ. ಸ್ವಲ್ಪ ಇಳಿಯಿತು, ಸಾಲದು. ಸ್ಪಾರ್ಕ್ ಪ್ಲಗ್ ಕೆಳಗಿನ ಸೆನ್ಸರ್‌ಗಳನ್ನು ಹಿಂದುಮುಂದು ಬದಲಾಯಿಸಿದೆ. ಆಗಲೂ ಬಿಸಿ ತೋರಿಸಿದ್ದು ಹಿಂದಿನ ಸಿಲಿಂಡರ್‌ಗಳೇ. ಹಾಗಾಗಿ ಸೆನ್ಸರ್ ಮೇಲೆ ಅನುಮಾನ ಇಲ್ಲ.

ಕೌಲಿಂಗಿನ (ಎಂಜಿನ್ ಮೇಲಿನ ಹೊದಿಕೆ) ಮುಂದಿನ ಬಾಯಿ ದೊಡ್ಡದು ಮಾಡು ಅನ್ನುವವರೇ ಜಾಸ್ತಿ. ನನಗೆ ನಂಬಿಕೆ ಇಲ್ಲ. ಗಾಳಿ ಹೊರಗೆ ಹೋಗಲು ಜಾಗ ಇಲ್ಲದಿದ್ದರೆ ಒಳಗೆ ಎಷ್ಟು ಬಿಟ್ಟರೇನು? ಕೆಳಗೆ ಗಾಳಿ ಹೊರಬೀಳುವ ಕಡೆ ಅಗಲ ಮಾಡಬಹುದು, ಆದರೆ ಎಂಜಿನ್ ನಿಲ್ಲಿಸಿ ತೇಲುವಾಗ ಡ್ರ್ಯಾಗ್ (ಗಾಳಿಯ ಎಳೆತ) ಜಾಸ್ತಿಯಾಗುತ್ತದೆ. ಗ್ಲೈಡರ್ ಕಟ್ಟಿದ್ದೇ ತೇಲುವುದಕ್ಕೆ! ಬೇಕೆಂದಾಗ ತೆರೆದು ಮುಚ್ಚುವ ಕೌಲ್ ಫ್ಲ್ಯಾಪ್ ಹಾಕಿದವರು ಇದ್ದೀರಾ? ತೂಕ, ಜೋಡಣೆ ಹೇಗೆ?

ಇನ್ನೊಂದು. ಹಿಂದಿನ ಸಿಲಿಂಡರ್‌ಗಳಿಗೆ ಪೆಟ್ರೋಲ್ ಕಮ್ಮಿ ಹೋಗಿಯೂ ಹೀಗಾಗಬಹುದು. ಅದರ ಸುಳಿವು ಸಿಗುವುದು ಎಕ್ಸಾಸ್ಟ್ ಬಿಸಿ ನೋಡಿದರೆ. ಆದರೆ ನನ್ನಲ್ಲಿ ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ ಇರುವುದು ಒಂದೇ ಪೈಪಿಗೆ. ನಾಲ್ಕಕ್ಕೂ ಹಾಕಿಸಿ ನೋಡಿದ ಮೇಲೆಯೇ ಕೌಲಿಂಗ್ ಕತ್ತರಿಸುವುದು ಒಳ್ಳೆಯದಾ?